ಬೆನ್ನ ಮೇಲೆ 27

ಇವತ್ತು ಬೆಳಿಗ್ಗೆ ಮಗನ ಬೇಸ್‌ಬಾಲ್ ಟ್ರೈಔಟ್ ಇತ್ತು. ಇಲ್ಲಿ ಅಮೆರಿಕದಲ್ಲಿ ಬೇರೆ ಬೇರೆ ಊರಿಗೆ ಹೋಗಿ ಆಡುವ ಟ್ರಾವೆಲ್ ಟೀಮ್‌ಗಳು ಮುಂದಿನ ವರ್ಷಕ್ಕೆ ಹುಡುಗರನ್ನು ಆರಿಸುವುದು ಹೆಚ್ಚಾಗಿ ಆಗಸ್ಟ್ ಹೊತ್ತಿಗೆ. ವಯಸ್ಸಿನ ಲೆಕ್ಕ ಬಹಳ ಕಡೆ ಏಪ್ರಿಲ್ 30ಕ್ಕೆ, ಹಾಗಾಗಿ ಮುಂದಿನ ಮೇನಲ್ಲಿ 12 ತುಂಬುವ ನಮ್ಮವನು ಆ ಸೀಸನ್ ಪೂರ್ತಿ 11ಯು, ಅಂದರೆ 11 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರ ಗುಂಪಿನಲ್ಲೇ.

ಬೆನ್ನಿಗೆ 27ನೇ ನಂಬರ್ ಚೀಟಿಯನ್ನು ಪಿನ್ ಹಾಕಿ ಕಳಿಸಿದೆ. ಓಟಕ್ಕೆ ಸ್ಟಾಪ್‌ವಾಚ್, ಆಮೇಲೆ ನೆಲದಲ್ಲಿ ಉರುಳಿ ಬರುವ ಚೆಂಡು, ಎತ್ತರದ ಕ್ಯಾಚ್, ಕೊನೆಗೆ ಒಬ್ಬೊಬ್ಬರಿಗೂ ಹತ್ತು ಚೆಂಡು ಬ್ಯಾಟಿಂಗ್. ನೆಲದಲ್ಲಿ ಉರುಳಿ ಬಂದ ಎರಡನೇ ಚೆಂಡೇ ಇವನ ಕಾಲ ಸಂದಿಯಿಂದ ನುಸುಳಿ ಹೋಯ್ತು. ಬೇಲಿಯಾಚೆ ನಿಂತಿದ್ದ ನನ್ನ ಎದೆ ಧಸಕ್ಕೆಂದಿತು. ಅವನು ತಲೆ ತಗ್ಗಿಸಲಿಲ್ಲ, ತಿರುಗಿ ಹುಲ್ಲಿನ ತನಕ ಓಡಿ, ಹೆಕ್ಕಿ, ಅಲ್ಲಿಂದಲೇ ಫಸ್ಟ್ ಬೇಸ್‌ಗೆ ಎಸೆದ. ಕೋಚ್ ಆಗಲೇ ಪ್ಯಾಡ್ ಮೇಲೆ ಏನೋ ಬರೆದುಕೊಂಡರು.

ತಪ್ಪಿದ ಮೇಲೆ ಹುಡುಗ ಏನು ಮಾಡುತ್ತಾನೆ ಅಂತಲೂ ನೋಡುತ್ತಾರೆ ಅಲ್ವಾ. ಇಷ್ಟು ದಿನ ನಾನು ಬರೀ ಹೊಡೆತ ಎಣಿಸುತ್ತಿದ್ದೆ.

ಒಂದು ಮಾತು ಮಾತ್ರ ಹೇಳಲೇಬೇಕು. ಟೀಮ್‌ನಲ್ಲಿ ಇರುವುದೇ ಹನ್ನೆರಡು ಜಾಗ, ಅದರಲ್ಲಿ ಜಾಸ್ತಿ ಹಳೇ ಹುಡುಗರಿಗೇ ಹೋಗುತ್ತದೆ, ಎಷ್ಟು ಖಾಲಿ ಇದೆ ಅಂತ ಮೊದಲೇ ಹೇಳಿದರೆ ಮಕ್ಕಳು ಸುಮ್ನೆ ಆಸೆ ಇಟ್ಟುಕೊಳ್ಳುವುದಿಲ್ಲ.

ಒಂದೆರಡು ದಿನದಲ್ಲಿ ಫೋನ್ ಮಾಡುತ್ತಾರಂತೆ. ಅವನು ಹಿತ್ತಲಲ್ಲಿ ಗೋಡೆಗೆ ಚೆಂಡು ಎಸೆಯುತ್ತಿದ್ದಾನೆ, ಚೀಟಿ ಇನ್ನೂ ಬೆನ್ನ ಮೇಲೇ ಇದೆ.