60 ಸಾವಿರ ಇದೆ, ಎರಡನೇ ಕ್ಯಾಮೆರಾ ಬಾಡಿ ಯಾವುದು ತಗೊಳ್ಳಲಿ?

"ಅಕ್ಕಾ, ಕೈಯಲ್ಲಿ 60 ಸಾವಿರ ಇದೆ. ಸೀಸನ್ ಶುರುವಾಗೋ ಮೊದಲು ಇನ್ನೊಂದು ಬಾಡಿ ತಗೋಬೇಕು. ಯಾವುದು ತಗೊಳ್ಳಲಿ?"

ತಿಂಗಳಿಗೆ ಮೂರ್ನಾಲ್ಕು ಜನ ನನ್ನನ್ನು ಇದನ್ನೇ ಕೇಳುತ್ತಾರೆ. ಹೆಚ್ಚಿನವರು ಮದುವೆ ಫೋಟೋಗ್ರಫಿಗೆ ಬಂದು ಎರಡು ಮೂರು ವರ್ಷ ಆದವರು. ಈಗೀಗ ಹುಡುಗಿಯರೂ ಕೇಳುತ್ತಿದ್ದಾರೆ, ನನಗೆ ತುಂಬಾ ಖುಷಿ. ಮೊದಲನೇ ಕ್ಯಾಮೆರಾ ದುಡಿದು ದುಡಿದು ತನ್ನ ಸಾಲ ತಾನೇ ತೀರಿಸಿರುತ್ತದೆ. ಈಗ ಅದಕ್ಕೊಂದು ಜೊತೆ ಬಾಡಿ, ಅಂದರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ, ಬೇಕು. ನಾನು ಮಾಡೆಲ್ ಹೆಸರು ಹೇಳುವ ಮೊದಲು ತಿರುಗಿ ಕೇಳುವುದು ಒಂದೇ: ಈಗ ಇರೋದು ಯಾವುದು? ಮುಕ್ಕಾಲು ಉತ್ತರ ಅದರಲ್ಲೇ ಇದೆ.

ಹೀಗೆ ಕೇಳುವುದನ್ನು ನನಗೆ ಕಲಿಸಿದ್ದು ಒಂದು ಮದುವೆ. 2017, ಚನ್ನರಾಯಪಟ್ಟಣದ ಹತ್ತಿರ ಒಂದು ಛತ್ರ. ಬೆಳಗ್ಗೆ ಒಂಬತ್ತೂಕಾಲರ ಸುಮಾರಿಗೆ ಮುಹೂರ್ತ. ಅಂತರಪಟ ಹಿಡಿದಿದ್ದಾರೆ. ಆ ಕಡೆ ಹುಡುಗ, ಈ ಕಡೆ ಹುಡುಗಿ, ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ. ಪುರೋಹಿತರು ಕೈ ಎತ್ತಿದ್ದೇ ತಡ, ಗಟ್ಟಿಮೇಳ. ಕ್ಲಿಕ್ ಮಾಡಿದೆ. ಅರ್ಧ ಸದ್ದು ಬಂತು, ವ್ಯೂಫೈಂಡರ್ ಪೂರ್ತಿ ಕಪ್ಪಾಯಿತು. ಮಿರರ್ ಮೇಲೆ ಹೋದದ್ದು ಕೆಳಗೆ ಬರಲೇ ಇಲ್ಲ. ಬ್ಯಾಟರಿ ತೆಗೆದು ಹಾಕಿದೆ. ಮತ್ತೆ ಎರರ್.

ಬ್ಯಾಗಿನಲ್ಲಿ ಎರಡನೇ ಕ್ಯಾಮೆರಾ ಇತ್ತು. ಆಫರ್ ಇತ್ತೆಂದು ತಗೊಂಡಿದ್ದ, ಬೇರೆ ಕಂಪನಿಯ ಪುಟ್ಟ ಬಾಡಿ. ನನ್ನ ಒಳ್ಳೆಯ ಲೆನ್ಸ್ ಯಾವುದೂ ಅದಕ್ಕೆ ಕೂರುವುದಿಲ್ಲ. ಸ್ಟ್ಯಾಂಡ್ ಮೇಲಿದ್ದ ಫ್ಲಾಶ್‌ಗೆ ಅದರಿಂದ ಸಿಗ್ನಲ್ ಹೋಗುವುದಿಲ್ಲ, ಟ್ರಿಗರ್ ಬೇರೆ. ಉಳಿದದ್ದು ಅದರ ಜೊತೆಗೇ ಬಂದ ಕಿಟ್ ಲೆನ್ಸ್ ಮತ್ತು ತಲೆ ಮೇಲೆ ಏಳುವ ಪುಟ್ಟ ಫ್ಲಾಶ್. ಧಾರೆಯನ್ನೂ ತಾಳಿಯನ್ನೂ ಅದರಲ್ಲೇ ತೆಗೆದೆ. ಆಲ್ಬಮ್ ಕೊಡುವ ದಿನ ಹುಡುಗಿಯ ತಾಯಿ ಒಂದೊಂದೇ ಪುಟ ತಿರುಗಿಸಿದರು. ಮುಖಗಳು ಸುಣ್ಣ ಬಳಿದ ಹಾಗೆ ಬಿಳಿ, ಮಂಟಪದ ಹಿಂದೆ ಬರೀ ಕತ್ತಲು. "ಧಾರೆದು ಇಷ್ಟೇನಾಮ್ಮ?" ಅಂದರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲವೇನೋ.

ಅಂದಿನಿಂದ ನನ್ನ ಲೆಕ್ಕ ಇದು. ಮೊದಲನೇ ಬಾಡಿ ನಿಂತ ಕ್ಷಣ ಎರಡನೆಯದನ್ನು ಎತ್ತಿಕೊಂಡು ಅದರಲ್ಲೇ ಇಡೀ ಮದುವೆ ಮುಗಿಸಲು ಆಗಬೇಕು. ಅದೇ ಲೆನ್ಸ್, ಅದೇ ಬ್ಯಾಟರಿ, ಅದೇ ಕಾರ್ಡ್, ಅದೇ ಟ್ರಿಗರ್. ಬಟನ್‌ಗಳೂ ಆದಷ್ಟು ಅದೇ ಜಾಗದಲ್ಲಿ. ಗಟ್ಟಿಮೇಳದ ಮಧ್ಯೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಬಟನ್ ಎಲ್ಲಿದೆ ಅಂತ ಹುಡುಕುತ್ತಾ ನಿಲ್ಲುವುದಕ್ಕಾಗುತ್ತಾ?

ಹಾಗಾಗಿ 60 ಸಾವಿರಕ್ಕೆ ಹೊಸ ಬಾಕ್ಸ್ ಒಡೆಯುವ ಆಸೆ ಬಿಡಿ ಅಂತಲೇ ನಾನು ಹೇಳುವುದು. ಹೊಸದೇ ಬೇಕೆಂದರೆ ಈ ದುಡ್ಡಿಗೆ ಹೆಚ್ಚಾಗಿ ಕೈಗೆ ಬರುವುದು ಕ್ರಾಪ್ ಬಾಡಿ, ಅಂದರೆ ಒಳಗಿನ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಚಿಕ್ಕದಿರುವುದು. ಸೆಕೆಂಡ್ ಹ್ಯಾಂಡ್ ಆದರೆ ಕೆಲವು ವರ್ಷದ ಹಿಂದೆ ದೊಡ್ಡ ದೊಡ್ಡ ಮದುವೆಗಳನ್ನು ತೆಗೆದ, ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ಗಳೇ ಇವೆ.

ನಿಕಾನ್ ಡಿಎಸ್ಎಲ್ಆರ್ (ಒಳಗೆ ಮಿರರ್ ಇರುವ ಕ್ಯಾಮೆರಾ) ಇರುವವರಿಗೆ ನಾನು ಯೋಚನೆ ಮಾಡದೆ ಹೇಳುವ ಹೆಸರು ಡಿ750. 2014ರಲ್ಲಿ ಬಂದದ್ದು, 24 ಮೆಗಾಪಿಕ್ಸೆಲ್, ಎರಡು ಎಸ್‌ಡಿ ಕಾರ್ಡ್ ಹಾಕಬಹುದು. ಬ್ಯಾಟರಿ ಇಎನ್-ಇಎಲ್15, ಅಂದರೆ ಡಿ7000, ಡಿ610, ಡಿ810, ಡಿ850ಕ್ಕೆ ಹಾಕುವ ಬ್ಯಾಟರಿಯೇ. ಇನ್ನೊಂದು ದೊಡ್ಡ ಅನುಕೂಲ, ಬಾಡಿಯೊಳಗೇ ಫೋಕಸ್ ಮೋಟರ್ ಇದೆ. ನಮ್ಮಲ್ಲಿ ಎಷ್ಟೋ ಜನರ ಬ್ಯಾಗಿನಲ್ಲಿ ಹಳೆಯ 50 ಎಂಎಂ 1.8ಡಿ ಇನ್ನೂ ಇದೆ ಅಲ್ವಾ? ಅದರೊಳಗೆ ಮೋಟರ್ ಇಲ್ಲ, ಆದರೂ ಇಲ್ಲಿ ಆರಾಮಾಗಿ ಫೋಕಸ್ ಮಾಡುತ್ತದೆ. ಅದೇ ಲೆನ್ಸನ್ನು ಎಫ್‌ಟಿಝಡ್ ಅಡಾಪ್ಟರ್ ಹಾಕಿ ಝಡ್ ಸರಣಿಯ ಮಿರರ್‌ಲೆಸ್‌ಗೆ ಕೂರಿಸಿದರೆ ಆಟೋಫೋಕಸ್ ಇರುವುದಿಲ್ಲ, ಕೈಯಲ್ಲೇ ತಿರುಗಿಸಬೇಕು. ಮಿರರ್‌ಲೆಸ್‌ಗೆ ಹೋಗುವ ಮುಂಚೆ ನಿಮ್ಮ ಲೆನ್ಸ್‌ಗಳನ್ನೆಲ್ಲ ಟೇಬಲ್ ಮೇಲೆ ಹರಡಿ ಒಮ್ಮೆ ನೋಡಿ. ಡಿ750ರ ಶುರುವಿನ ಕೆಲವು ಬ್ಯಾಚ್‌ಗಳಲ್ಲಿ ಶಟರ್ (ಕ್ಲಿಕ್ ಮಾಡಿದಾಗ ತೆರೆದು ಮುಚ್ಚುವ ಪರದೆ) ತೊಂದರೆ ಇದೆ ಎಂದು ಕಂಪನಿಯೇ ಒಪ್ಪಿಕೊಂಡು ಉಚಿತವಾಗಿ ಸರಿ ಮಾಡಿಕೊಟ್ಟಿತ್ತು. ಮಾರುವವರು ಅದನ್ನು ಮಾಡಿಸಿದ್ದಾರಾ, ಕೇಳಿ.

ಕ್ಯಾನನ್‌ನವರಿಗೆ 5ಡಿ ಮಾರ್ಕ್ 3 ಅಥವಾ 6ಡಿ. ಎರಡೂ 2012ರವು, ಎರಡಕ್ಕೂ ಎಲ್‌ಪಿ-ಇ6 ಬ್ಯಾಟರಿ. 6ಡಿ ಕಡಿಮೆ ಬೆಲೆಗೆ ಸಿಗುತ್ತದೆ, ಕತ್ತಲಲ್ಲಿ ಅದರ ನಡುವಿನ ಫೋಕಸ್ ಪಾಯಿಂಟ್ ನಿಜಕ್ಕೂ ಚೆನ್ನಾಗಿದೆ. ಆದರೆ ಕಾರ್ಡ್ ಹಾಕುವ ಜಾಗ ಒಂದೇ. 5ಡಿ ಮಾರ್ಕ್ 3ರಲ್ಲಿ ಎರಡು, ಒಂದು ಸಿಎಫ್, ಒಂದು ಎಸ್‌ಡಿ. ನಾನಾದರೆ ಸ್ವಲ್ಪ ಕಾಯ್ದು ಇನ್ನಷ್ಟು ದುಡ್ಡು ಕೂಡಿಸಿ ಎರಡು ಕಾರ್ಡಿನದ್ದನ್ನೇ ತಗೊಳ್ಳುತ್ತೇನೆ. ಎರಡೂ ಕಾರ್ಡಿಗೆ ಒಟ್ಟಿಗೆ ಬರೆಯುವ ಹಾಗೆ ಸೆಟ್ ಮಾಡಿಟ್ಟರೆ ಒಂದು ಕೈಕೊಟ್ಟರೂ ಫೋಟೋ ಉಳಿಯುತ್ತದೆ. ಅಂತರಪಟ ಇಳಿಯುವುದು ಒಂದೇ ಸಲ.

ಸೋನಿ ಎ7 ಮಾರ್ಕ್ 3 ಇರುವವರು ಜೊತೆಗೆ ಮಾರ್ಕ್ 2 ಕಡಿಮೆಗೆ ಸಿಕ್ಕಿತು ಎಂದು ಬಂದು ಹೇಳುತ್ತಾರೆ. ಬೇಡ. ಮಾರ್ಕ್ 2ರ ಬ್ಯಾಟರಿ ಬೇರೆಯೇ, ಚಿಕ್ಕದು, ಬೇಗ ಮುಗಿಯುತ್ತದೆ. ಎರಡು ಥರದ ಚಾರ್ಜರ್ ಹೊತ್ತು ತಿರುಗಬೇಕು. ಕ್ಯಾನನ್ ಆರ್6 ಇದ್ದು ಆರ್‌ಪಿ ಮೇಲೆ ಕಣ್ಣಿಟ್ಟವರಿಗೂ ಇದೇ ಮಾತು. ಆರ್‌ಪಿಗೆ ಪುಟ್ಟ ಎಲ್‌ಪಿ-ಇ17 ಬ್ಯಾಟರಿ, ಕಾರ್ಡ್ ಒಂದೇ.

ಹಾಗಾದರೆ ಕ್ರಾಪ್ ಬಾಡಿ ಬೇಡವೇ ಬೇಡವಾ? ಮೊದಲನೆಯದೂ ಕ್ರಾಪ್ ಆಗಿದ್ದರೆ ಎರಡನೆಯದೂ ಕ್ರಾಪ್ ಇರಲಿ, ಒಳ್ಳೆಯದೇ. ಮೊದಲನೆಯದು ಫುಲ್ ಫ್ರೇಮ್ ಆದಾಗ ತೊಡಕು ಶುರು. ಕ್ಯಾನನ್ ಕ್ರಾಪ್‌ನಲ್ಲಿ 24-70 ಎಂಎಂ ಲೆನ್ಸಿನ 24, ನೋಟಕ್ಕೆ ಸುಮಾರು 38 ಆಗುತ್ತದೆ, ಅಂದರೆ ಫ್ರೇಮಿಗೆ ಸಿಗುವ ಜಾಗ ಕಿರಿದಾಗುತ್ತದೆ. ಹಳೆ ಛತ್ರಗಳ ವಧುವಿನ ಕೋಣೆ ನೆನಪಿಸಿಕೊಳ್ಳಿ. ಒಂದು ಮಂಚ, ಒಂದು ಬೀರು, ಅಮ್ಮ, ಚಿಕ್ಕಮ್ಮ, ಸೋದರತ್ತೆ, ಜಡೆ ಹೆಣೆಯುವವರು. ಗೋಡೆಗೆ ಬೆನ್ನು ಒತ್ತಿ ನಿಂತರೂ ಆ 38ರಲ್ಲಿ ಅರ್ಧ ಜನ ಫ್ರೇಮಿನ ಹೊರಗೆ. 85 ಎಂಎಂ ಹಾಕಿ ದೂರದಿಂದ ಮುಖಭಾವ ಹಿಡಿಯಲು ಕ್ರಾಪ್ ಚೆನ್ನ, ಅದನ್ನು ಒಪ್ಪುತ್ತೇನೆ. ಆದರೆ ಮೊದಲನೆಯದು ನಿಂತ ದಿನ ಅದು ನಿಮ್ಮನ್ನು ಪೂರ್ತಿ ಕಾಪಾಡುವುದಿಲ್ಲ.

ಇನ್ನು ಎರಡನೇ ಬಾಡಿಯನ್ನು ಬ್ಯಾಗಿನಲ್ಲಿ ಮಲಗಿಸಿ ಇಡಬೇಡಿ. ಹೆಗಲ ಮೇಲೆ ಇರಲಿ. ಒಂದರಲ್ಲಿ 24-70, ಇನ್ನೊಂದರಲ್ಲಿ 85 ಅಥವಾ 70-200. ಮಂಟಪದ ಹತ್ತಿರ ಲೆನ್ಸ್ ಬಿಚ್ಚುವುದೇ ಅಪಾಯ. ಒಮ್ಮೆ ಅಕ್ಷತೆ ಹಾಕಿದ ಮೇಲೆ ನನ್ನ ಕ್ಯಾಮೆರಾ ಒರೆಸುವಾಗ ನೋಡಿದೆ. ಮೌಂಟಿನ ಅಂಚಿನಲ್ಲಿ, ಲೆನ್ಸ್ ಬಿಚ್ಚುವ ಬಟನ್ ಪಕ್ಕ, ಒಂದು ಅರಿಶಿನದ ಅಕ್ಕಿಕಾಳು ಅಂಟಿಕೊಂಡಿತ್ತು. ಅಲ್ಲೇ ಲೆನ್ಸ್ ಬಿಚ್ಚಿದ್ದರೆ ಅದು ನೇರ ಒಳಗೆ. ಜೊತೆಗೆ ಹೋಮದ ಹೊಗೆ, ಕುಂಕುಮ, ಮೇಲಿನಿಂದ ಉದುರುವ ಹೂವು.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ನಿಮ್ಮದೇ ಲೆನ್ಸ್, ಎರಡು ಕಾರ್ಡ್, ನಿಮ್ಮದೇ ಟ್ರಿಗರ್ ತಗೊಂಡು ಹೋಗಿ. ಕತ್ತಲಾದ ಮೇಲೆ, ಅವಸರದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಬೇಡಿ. ಮೊದಲು ಶಟರ್ ಕೌಂಟ್, ಅಂದರೆ ಇದುವರೆಗೆ ಎಷ್ಟು ಕ್ಲಿಕ್ ಆಗಿದೆ ಅನ್ನುವ ಲೆಕ್ಕ. ನಿಕಾನ್‌ನಲ್ಲಿ ಒಂದು ಫೋಟೋ ತೆಗೆದರೆ ಅದರ ಫೈಲಿನಲ್ಲೇ ಕೌಂಟ್ ಬರೆದಿರುತ್ತದೆ. ಕ್ಯಾನನ್‌ನ ಹೆಚ್ಚಿನ ಬಾಡಿಗಳಲ್ಲಿ ಫೈಲಿನಲ್ಲಿ ಸಿಗುವುದಿಲ್ಲ, ಕೇಬಲ್ ಹಾಕಿ ಸಾಫ್ಟ್‌ವೇರಿನಲ್ಲಿ ನೋಡಬೇಕು, ಇಲ್ಲವೇ ಸರ್ವಿಸ್ ಸೆಂಟರ್‌ನಲ್ಲಿ ಕೇಳಬೇಕು. 6ಡಿಯ ಶಟರನ್ನು ಕಂಪನಿ 1 ಲಕ್ಷ ಕ್ಲಿಕ್‌ಗೆ ಪರೀಕ್ಷಿಸಿದೆ, ಡಿ750 ಮತ್ತು 5ಡಿ ಮಾರ್ಕ್ 3ನ್ನು ಒಂದೂವರೆ ಲಕ್ಷಕ್ಕೆ. ಅಷ್ಟಾದ ತಕ್ಷಣ ನಿಂತೇ ಬಿಡುತ್ತದೆ ಅಂತೇನಿಲ್ಲ, ಆದರೆ ಲೆಕ್ಕ ಹಾಕಿ. ವರಪೂಜೆಯಿಂದ ಆರತಕ್ಷತೆವರೆಗೆ ನಾನು ಸುಮಾರು 3 ಸಾವಿರ ಕ್ಲಿಕ್ ಮಾಡುತ್ತೇನೆ. ವರ್ಷಕ್ಕೆ 30 ಮದುವೆ ಅಂದರೆ 90 ಸಾವಿರ. ಈಗಾಗಲೇ 1 ಲಕ್ಷ 20 ಸಾವಿರ ಓಡಿದ ಬಾಡಿಯನ್ನು ತಗೊಂಡರೆ ಶಟರ್ ಬದಲಿಸುವ ಖರ್ಚನ್ನೂ ಈಗಲೇ ಬದಿಗಿಡಿ.

ಆಮೇಲೆ ಎಫ್16ರಲ್ಲಿ, ಅಂದರೆ ಲೆನ್ಸಿನ ಕಿಂಡಿ ತುಂಬಾ ಚಿಕ್ಕದು ಮಾಡಿ, ಬಿಳಿ ಗೋಡೆ ಅಥವಾ ಖಾಲಿ ಆಕಾಶದ ಫೋಟೋ ತೆಗೆಯಿರಿ. ಸೆನ್ಸರ್ ಮೇಲೆ ಧೂಳಿದ್ದರೆ ಚುಕ್ಕೆ ಕಾಣುತ್ತದೆ. ಧೂಳು ಹೋಗುತ್ತದೆ, ಗೀರು ಹೋಗುವುದಿಲ್ಲ. ಲೆನ್ಸ್ ಕ್ಯಾಪ್ ಹಾಕಿ ಐಎಸ್ಒ 3200ರಲ್ಲಿ ಒಂದು ತೆಗೆದು ಜೂಮ್ ಮಾಡಿ, ಕೆಂಪು ನೀಲಿ ಚುಕ್ಕೆ, ಅಂದರೆ ಸೆನ್ಸರಿನ ಕೆಟ್ಟ ಪಿಕ್ಸೆಲ್, ಎಷ್ಟಿವೆ ನೋಡಿ. ಟ್ರಿಗರ್ ಹಾಕಿ ಐವತ್ತು ಸಲ ಫ್ಲಾಶ್ ಹೊಡೆಸಿ. ಬಾಡಿಯ ತಲೆ ಮೇಲೆ ಟ್ರಿಗರ್ ಕೂರುವ ಹಾಟ್ ಶೂ ಸಡಿಲವಾಗಿದ್ದರೆ ಹತ್ತರಲ್ಲಿ ಒಂದು ಸಲ ತಪ್ಪುತ್ತದೆ, ಮದುವೆಯಲ್ಲಿ ತಪ್ಪುವುದೂ ಹಾಗೆಯೇ. ಕಾರ್ಡಿನ ಎರಡೂ ಜಾಗ ಬೇರೆ ಬೇರೆಯಾಗಿ ಪರೀಕ್ಷಿಸಿ. ಕೆಳಗಿನ ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ ಅಂತ. ಯಾಕೆ ಅಂತ ಕೇಳಿ, ಉತ್ತರ ಹೇಳುವಾಗ ಅವರ ಮುಖ ನೋಡಿ. ಬಿಲ್ ಇಲ್ಲದಿದ್ದರೆ ನಾನು ಮುಟ್ಟುವುದೇ ಇಲ್ಲ, ಎಷ್ಟೇ ಕಡಿಮೆಗೆ ಕೊಡಲಿ.

ಬಾಡಿಗೆಗೆ ತಂದು ನಡೆಸಬಹುದಲ್ಲ ಅನ್ನುವವರಿದ್ದಾರೆ. ಕೊಳ್ಳುವ ಮೊದಲು ಅದೇ ಮಾಡೆಲ್ ಒಂದೆರಡು ಮದುವೆಗೆ ಬಾಡಿಗೆ ತಂದು ನೋಡುವುದು ಬಹಳ ಒಳ್ಳೆಯದು. ಅದನ್ನೇ ನೆಚ್ಚಿಕೊಳ್ಳುವುದು ಕಷ್ಟ. ಒಳ್ಳೆ ಮುಹೂರ್ತ ಇದ್ದ ದಿನ ಊರಿನ ಎಲ್ಲ ಛತ್ರವೂ ಭರ್ತಿ, ಬಾಡಿಗೆ ಕ್ಯಾಮೆರಾ ಎಲ್ಲರಿಗೂ ಅವತ್ತೇ ಬೇಕು. ಕೊಳ್ಳಲು ಆಷಾಢವೇ ಸರಿಯಾದ ಕಾಲ. ಆರ್ಡರ್ ಇರುವುದಿಲ್ಲ, ಓಡಾಡಿ ನಾಲ್ಕು ಕಡೆ ನೋಡಲು ಸಮಯ ಇರುತ್ತದೆ. ಏನಾದರೂ ತೊಂದರೆ ಕಂಡರೆ ಶ್ರಾವಣದ ಮೊದಲ ಮದುವೆಗೆ ಮುಂಚೆಯೇ ಸರಿ ಮಾಡಿಸಬಹುದು.

ಮೊನ್ನೆ ಕೇಳಿದ ಹುಡುಗನ ಹತ್ತಿರ ಇದ್ದದ್ದು ಡಿ750. ಇನ್ನೊಂದು ಡಿ750ನ್ನೇ ಹುಡುಕು ಅಂದೆ. "ಎರಡೂ ಒಂದೇನಾ ಅಕ್ಕಾ?" ಅಂತ ಅವನ ಮುಖ ಸಣ್ಣದಾಯಿತು. ಹೊಸ ಮಾಡೆಲ್ ಆಸೆ ಇತ್ತು ಪಾಪ. ಮೂರು ವಾರ ಹುಡುಕಿ 40 ಸಾವಿರ ಕ್ಲಿಕ್ ಆದದ್ದೊಂದನ್ನು ಬಿಲ್ ಸಮೇತ ತಂದ. ಮೊದಲ ಮದುವೆ ಮುಗಿಸಿ ಫೋನ್ ಮಾಡಿದಾಗ ದನಿ ತುಂಬಾ ಖುಷಿ, ಒಂದೇ ಒಂದು ಗೋಳು. ಫೋಟೋಗಳನ್ನು ಟೈಮ್ ಪ್ರಕಾರ ಜೋಡಿಸಿದರೆ ಅಂತರಪಟಕ್ಕಿಂತ ಮೊದಲೇ ತಾಳಿ ಬರುತ್ತಿದೆಯಂತೆ. ಎರಡು ಬಾಡಿಯ ಗಡಿಯಾರದಲ್ಲಿ ಹನ್ನೆರಡು ನಿಮಿಷ ವ್ಯತ್ಯಾಸ. ಇದಕ್ಕೆ ಸುಲಭದ ದಾರಿ ಇದೆ. ಛತ್ರಕ್ಕೆ ಕಾಲಿಟ್ಟ ತಕ್ಷಣ ಎರಡೂ ಬಾಡಿಯ ಟೈಮ್ ಒಂದೇ ಮಾಡಿ. ಆಮೇಲೆ ಫೋನಿನ ಗಡಿಯಾರವನ್ನು, ಸೆಕೆಂಡ್ ಕಾಣುವ ಹಾಗೆ, ಎರಡರಲ್ಲೂ ಒಂದೊಂದು ಫೋಟೋ ತೆಗೆಯಿರಿ. ಎಲ್ಲಾದರೂ ತಪ್ಪಿದ್ದರೆ ಫೋಟೋ ಎಡಿಟ್ ಮಾಡುವ ಲೈಟ್‌ರೂಮ್‌ನಲ್ಲಿ ಆ ಎರಡು ಫೋಟೋ ನೋಡಿ ಒಂದು ಬಾಡಿಯ ಎಲ್ಲ ಫೈಲ್‌ಗಳನ್ನೂ ಒಟ್ಟಿಗೆ ಹಿಂದೆ ಮುಂದೆ ಸರಿಸಬಹುದು. ಹಾಗೇ ವೈಟ್ ಬ್ಯಾಲೆನ್ಸನ್ನು (ಬೆಳಕಿಗೆ ತಕ್ಕ ಬಣ್ಣದ ಹೊಂದಾಣಿಕೆ) ಆಟೋದಿಂದ ತೆಗೆದು ಎರಡರಲ್ಲೂ ಒಂದೇ ಕೆಲ್ವಿನ್ ಅಂಕಿ ಇಡಿ. ಇಲ್ಲದಿದ್ದರೆ ಒಂದೇ ರೇಷ್ಮೆ ಸೀರೆ ಒಂದು ಪುಟದಲ್ಲಿ ಕೆಂಪು, ಮುಂದಿನ ಪುಟದಲ್ಲಿ ಕಿತ್ತಳೆ ಕಾಣುತ್ತದೆ. ಅವನಿಗೆ ಇಷ್ಟು ಹೇಳಿದೆ. ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬಂತು: "ಸರಿಹೋಯ್ತು ಅಕ್ಕಾ, ತಾಳಿ ಈಗ ಜಾಗಕ್ಕೆ ಬಂತು."