ನೆಟ್ಟಗೆ ನಡೆಸುವುದನ್ನು ಕಲಿಸಿದ ಮೇಷ್ಟ್ರು

ತುಮಕೂರಿನಲ್ಲಿ ನಾನು ಓದುವಾಗ ನಮ್ಮ ಕಾಲೇಜಿಗಿದ್ದ ಪಿ.ಟಿ. ಮೇಷ್ಟ್ರು ಸೇನೆಯ ಕುದುರೆ ದಳದಿಂದ ನಿವೃತ್ತರಾಗಿ ಬಂದವರು. ಹಗಲೆಲ್ಲ ಕಬಡ್ಡಿ, ಖೋಖೋ ಆಡಿಸುತ್ತಿದ್ದರು. ಸಂಜೆಯಾದರೆ ದೇವರಾಯನದುರ್ಗದ ಕಡೆ ಇದ್ದ ಸ್ನೇಹಿತರ ತೋಟಕ್ಕೆ ಹೊರಡುತ್ತಿದ್ದರು. ಅಲ್ಲೊಂದು ಸಣ್ಣ ಲಾಯ ಇತ್ತು. ಆಸೆಯಿದ್ದ ಹುಡುಗರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು.

ನಮಗೆ ಹುಚ್ಚು ಹಿಡಿದಿದ್ದು ಎಂಡ್ಯೂರೆನ್ಸ್ ಸವಾರಿಯದು, ಅಂದರೆ ದೂರದ ಹಾದಿಯ ಕುದುರೆ ಸ್ಪರ್ಧೆ. 40, 80 ಕಿಲೋಮೀಟರ್, ದೊಡ್ಡ ಸ್ಪರ್ಧೆಗಳಲ್ಲಿ ಒಂದೇ ದಿನ 160 ಕಿಲೋಮೀಟರ್. ನಡುನಡುವೆ ಪಶುವೈದ್ಯರು ತಪಾಸಣೆ ಮಾಡುತ್ತಾರೆ. ಗೊತ್ತುಮಾಡಿದ ಹೊತ್ತಿನೊಳಗೆ ಕುದುರೆಯ ಎದೆಬಡಿತ ನಿಮಿಷಕ್ಕೆ 64ಕ್ಕೆ ಇಳಿಯಬೇಕು. ಆಮೇಲೆ ಸವಾರನಿಲ್ಲದೆ ಕೈಯಲ್ಲಿ ಹಿಡಿದು ಓಡಿಸಿ ತೋರಿಸಬೇಕು. ಕುಂಟಿದರೆ ಮುಗಿಯಿತು, ಎಷ್ಟೇ ಮುಂದಿದ್ದರೂ ಆಟದಿಂದ ಹೊರಗೆ. ಕುದುರೆಯ ಕಾಲಿಗೆ ಇಷ್ಟು ಬೆಲೆ ಕೊಡುವ ಆಟ ಅಂತಲೇ ನನಗದು ಇಷ್ಟ.

ಆದರೆ ಮೇಷ್ಟ್ರು ಸುಮ್ನೆ ದೂರ ಓಡಿಸಲು ಬಿಡಲಿಲ್ಲ. ಬಯಲಲ್ಲಿ 20 ಮೀಟರ್ ಅಗಲ, 40 ಮೀಟರ್ ಉದ್ದಕ್ಕೆ ಸುಣ್ಣದ ಗೆರೆ ಹಾಕಿಸಿದರು. ಅದರೊಳಗೆ ಡ್ರೆಸಾಜ್ ಪಾಠ, ಅಂದರೆ ಸವಾರನ ಸಣ್ಣ ಸನ್ನೆಗೆ ಕುದುರೆ ಹದವಾಗಿ ಹೆಜ್ಜೆ ಹಾಕುವುದನ್ನು ಕಲಿಸುವುದು. ದೊಡ್ಡ ಸುತ್ತು, ನಡಿಗೆ, ಟ್ರಾಟ್ ಅನ್ನುವ ಸಣ್ಣ ಓಟ, ಮತ್ತೆ ನಡಿಗೆ, ನಿಲ್ಲಿಸು. ಲಗಾಮು ಎಳೆಯದೆ, ಬೆನ್ನು ನೆಟ್ಟಗಿಟ್ಟು, ಕಾಲಿನ ಒತ್ತಿನಲ್ಲೇ ಹೇಳಬೇಕು.

ನನಗೆ ಸಿಕ್ಕಿದ್ದು ಒಂದು ಕಾಠಿಯಾವಾಡಿ ಹೆಣ್ಣು ಕುದುರೆ. ಒಳಕ್ಕೆ ಬಾಗಿದ ಅದರ ಕಿವಿಗಳನ್ನು ನೋಡುವುದೇ ಒಂದು ಸೊಗಸು. ಎಡಕ್ಕೆ ಸಲೀಸಾಗಿ ತಿರುಗುತ್ತಿತ್ತು. ಬಲಕ್ಕೆ ಅಂದರೆ ಕತ್ತು ಬಿಗಿ, ಮೂತಿ ಹೊರಗೆ. ಲಾಳ ಬದಲಿಸಿದ ದಿನ ಮೇಷ್ಟ್ರು ಹಳೆಯ ಲಾಳಗಳನ್ನು ಕಲ್ಲಿನ ಮೇಲೆ ಸಾಲಾಗಿ ಇಟ್ಟರು. ಒಂದು ಬದಿಯವು ಜಾಸ್ತಿ ಸವೆದಿದ್ದವು. “ನೋಡಪ್ಪ, ಭಾರವೆಲ್ಲ ಒಂದೇ ಕಡೆ ಬೀಳ್ತಿದೆ. ಹತ್ತು ಕಿಲೋಮೀಟರಿಗೆ ಗೊತ್ತಾಗಲ್ಲ. ಎಂಬತ್ತಕ್ಕೆ ಕಾಲು ಹೇಳುತ್ತೆ” ಅಂದರು.

ನಮ್ಮಲ್ಲಿ ಬಲಗೈಯವರು, ಎಡಗೈಯವರು ಇದ್ದ ಹಾಗೆ ಕುದುರೆಗೂ ಒಂದು ಬದಿ ರೂಢಿ. ಟ್ರಾಟ್‌ನಲ್ಲಿ ಎದುರುಬದುರು ಮೂಲೆಯ ಕಾಲುಗಳು ಜೋಡಿಯಾಗಿ ನೆಲ ಮುಟ್ಟುತ್ತವೆ. ಆ ಲಯಕ್ಕೆ ಸವಾರ ಜೀನಿನಿಂದ ಎದ್ದು ಎದ್ದು ಕೂರುವಾಗ, ಯಾವಾಗಲೂ ಒಂದೇ ಜೋಡಿ ನೆಲ ಮುಟ್ಟಿದಾಗ ಕೂತರೆ ಆ ಬದಿಯ ಸ್ನಾಯುಗಳೇ ದಣಿಯುತ್ತವೆ. ಆಗಾಗ ಜೋಡಿ ಬದಲಿಸಬೇಕು. ಸುಣ್ಣದ ಗೆರೆಯೊಳಗೆ ಸುತ್ತುವ ದಿಕ್ಕು ಬದಲಾದಾಗಲೆಲ್ಲ ಇದನ್ನು ಮಾಡಿಸಿ ಮಾಡಿಸಿ, ಹಾದಿಯಲ್ಲೂ ತಾನಾಗಿ ಬರುವಂತೆ ಮಾಡಿದರು. ಸುತ್ತು ಹಾಕುವಾಗ ಒಳಬದಿಯ ಹಿಂಗಾಲು ಹೊಟ್ಟೆಯ ಕೆಳಗೆ ಬಂದು ಭಾರ ಹೊರಲು ಕಲಿಯುತ್ತದೆ. ಇಲ್ಲದಿದ್ದರೆ ಕುದುರೆಯ ಅರ್ಧಕ್ಕಿಂತ ಹೆಚ್ಚು ಭಾರ ಮುಂಗಾಲಿನ ಮೇಲೇ ಇರುತ್ತದೆ, ಅಲ್ವಾ?

ಇದರ ಫಲ ಕಂಡಿದ್ದು ದೇವರಾಯನದುರ್ಗದ ಇಳಿಜಾರಿನಲ್ಲಿ. ಮೊದಲು ಅದೇ ಕುದುರೆ ನನ್ನ ಕೈ ಮೇಲೆ ಭಾರ ಹಾಕಿ, ಮುಗ್ಗರಿಸುತ್ತ ಇಳಿಯುತ್ತಿತ್ತು. ಕೆಲವು ತಿಂಗಳ ಪಾಠದ ನಂತರ ಹಿಂಗಾಲು ಊರಿ, ಹೆಜ್ಜೆ ಅಳೆದು ಇಳಿಯತೊಡಗಿತು. ಲಗಾಮು ಸಡಿಲವಾಗಿಯೇ ಇರುತ್ತಿತ್ತು.

ಡ್ರೆಸಾಜ್‌ನಿಂದ ದಮ್ಮು ಬರುವುದಿಲ್ಲ, ಇದನ್ನು ಮೇಷ್ಟ್ರೇ ಹೇಳುತ್ತಿದ್ದರು. ದಮ್ಮಿಗೆ ದೂರವೇ ಬೇಕು. ಅದೂ ನಿಧಾನವಾಗಿ ಏರಿಸಬೇಕು. ಎದೆ ಬೇಗ ಪಳಗುತ್ತದೆ, ಮೂಳೆ ಮತ್ತು ಸ್ನಾಯುರಜ್ಜು ಗಟ್ಟಿಯಾಗಲು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಹಿಡಿಯುತ್ತದೆ. ಮೈ ಬಿಗಿಹಿಡಿಯದ ಕುದುರೆ ಇರುವ ದಮ್ಮನ್ನು ಪೋಲು ಮಾಡುವುದಿಲ್ಲ, ಅಷ್ಟೇ. ಆ ಅಷ್ಟೇ ತುಂಬ ದೊಡ್ಡದು.

2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಡ್ರೆಸಾಜ್ ತಂಡ ಚಿನ್ನ ಗೆದ್ದಿತು. ಕುದುರೆ ಸವಾರಿಯಲ್ಲಿ 1982ರ ದೆಹಲಿ ಕೂಟದ ನಂತರ ಭಾರತಕ್ಕೆ ಬಂದ ಮೊದಲ ಚಿನ್ನ ಅದು. ಟಿ.ವಿ. ಮುಂದೆ ಕೂತು ಮೇಷ್ಟ್ರು ಇರಬೇಕಿತ್ತು ಅಂದುಕೊಂಡೆ.

ಈಗ ನಾನು ಚಿಕ್ಕಬಳ್ಳಾಪುರದ ಹತ್ತಿರ ಕುದುರೆ ಸಾಕಿದ್ದೇನೆ. ವಾರಕ್ಕೆ ಒಂದೇ ದಿನ ದೂರದ ಸವಾರಿ, ಎರಡು ದಿನ ಸುಣ್ಣದ ಗೆರೆಯೊಳಗೆ ಪಾಠ. ನಮ್ಮ ಕಾಲೇಜಿನ ಹುಡುಗ ಹುಡುಗಿಯರು ಯಾರಾದರೂ ಕಲಿಯುವುದಾದರೆ ಬನ್ನಿ. ಮೇಷ್ಟ್ರು ನಮ್ಮಿಂದ ದುಡ್ಡು ತೆಗೆದುಕೊಂಡವರಲ್ಲ, ನಾನೂ ತೆಗೆದುಕೊಳ್ಳುವುದಿಲ್ಲ.