ಹಳೆ ಕೋವಿಯ ಹರಾಜು: ಸುತ್ತಿಗೆ ಬಿದ್ದ ಮೇಲಿನ ಲೆಕ್ಕ

2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಟಿಪ್ಪು ಸುಲ್ತಾನನ ಖಾಸಗಿ ಶಸ್ತ್ರಾಗಾರದ್ದೆಂದು ಹೇಳಲಾದ ಎರಡು ಗುಂಡಿನ ಚಕಮಕಿ ಕೋವಿಯೊಂದು (ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ ಕೋವಿ) 7,22,500 ಪೌಂಡಿಗೆ ಮಾರಾಟವಾಯಿತು. ಆದರೆ ಹರಾಜಿನಲ್ಲಿ ಆ ಮೊತ್ತವನ್ನು ಯಾರೂ ಕೂಗಿರಲಿಲ್ಲ. ಕೊನೆಯ ಸವಾಲು ನಿಂತದ್ದು 6 ಲಕ್ಷಕ್ಕೆ. ಅದು ಹ್ಯಾಮರ್ ಬೆಲೆ. ಮೇಲಿನ 1,22,500 ಪೌಂಡ್, ಕೊಂಡವರಿಂದ ಹರಾಜು ಸಂಸ್ಥೆ ವಸೂಲು ಮಾಡುವ ಬೈಯರ್ಸ್ ಪ್ರೀಮಿಯಂ.

ಆ ಲೆಕ್ಕ ಹೀಗಿದೆ: ಮೊದಲ 50,000 ಪೌಂಡಿಗೆ ಶೇ. 25, ಅಂದರೆ 12,500. ಅಲ್ಲಿಂದ 10 ಲಕ್ಷದವರೆಗೆ ಶೇ. 20, ಇಲ್ಲಿ ಉಳಿದಿದ್ದ ಐದೂವರೆ ಲಕ್ಷಕ್ಕೆ 1,10,000. ನಮ್ಮ ಆದಾಯ ತೆರಿಗೆಯ ಸ್ಲ್ಯಾಬ್ ಇದ್ದ ಹಾಗೆ, ಒಂದೊಂದು ತುಂಡಿಗೆ ಒಂದೊಂದು ದರ. ಪೂರ್ತಿ ಮೊತ್ತಕ್ಕೆ ಶೇ. 25 ಹಾಕಿದರೆ ಒಂದೂವರೆ ಲಕ್ಷ ಬಂದು ಲೆಕ್ಕ ತಪ್ಪುತ್ತದೆ.

2023ರ ಮೇನಲ್ಲಿ ಅದೇ ಸಂಸ್ಥೆ ಟಿಪ್ಪುವಿನ ಶಯನಗೃಹದ ಖಡ್ಗವನ್ನು 1,40,80,900 ಪೌಂಡಿಗೆ ಮಾರಿತು. ಬಿಡಿಸಿ ನೋಡಿ: ಹ್ಯಾಮರ್ ಬೆಲೆ 1 ಕೋಟಿ 20 ಲಕ್ಷ. ಮೊದಲ 40,000ಕ್ಕೆ ಶೇ. 28 ಎಂದರೆ 11,200. ಅಲ್ಲಿಂದ 8 ಲಕ್ಷದವರೆಗೆ ಶೇ. 27 ಎಂದರೆ 2,05,200. ಅಲ್ಲಿಂದ 45 ಲಕ್ಷದವರೆಗೆ ಶೇ. 21 ಎಂದರೆ 7,77,000. ಮೇಲಿನ 75 ಲಕ್ಷಕ್ಕೆ ಶೇ. 14.5 ಎಂದರೆ 10,87,500. ಕೂಡಿದರೆ 20,80,900. ಕೋಟಿ ಕೊಟ್ಟವರಿಗೆ ಸರಾಸರಿ ಶೇ. 17ರ ಚಿಲ್ಲರೆ ಬಿತ್ತು. ಅದೇ ಪಟ್ಟಿಯಲ್ಲಿ ಒಂದು ಸಾವಿರ ಪೌಂಡಿನ ಪಿಸ್ತೂಲು ಕೊಂಡವರಿಗೆ ನೇರ ಶೇ. 28. ದೊಡ್ಡ ಗಿರಾಕಿಗೆ ರಿಯಾಯಿತಿ, ಸಣ್ಣವನಿಗೆ ಪೂರ್ತಿ ದರ. ಈ ಪದ್ಧತಿ ನನಗೆ ಸರಿ ಕಾಣುವುದಿಲ್ಲ, ಆದರೆ ನಿಯಮ ಮೊದಲೇ ಅಚ್ಚಾಗಿರುವುದರಿಂದ ಆಮೇಲೆ ಜಗಳಕ್ಕೆ ಜಾಗವಿಲ್ಲ.

1975ರಲ್ಲಿ ಲಂಡನ್ನಿನ ಹರಾಜು ಸಂಸ್ಥೆಗಳಾದ ಕ್ರಿಸ್ಟೀಸ್, ಸೋದಬೀಸ್ ಎರಡೂ ಪ್ರೀಮಿಯಂ ಶುರು ಮಾಡಿದಾಗ ದರ ಶೇ. 10. ಆಮೇಲೆ ಏರಿದ್ದೇ ಹೆಚ್ಚು. 2024ರಲ್ಲಿ ಸೋದಬೀಸ್ ಶೇ. 20ಕ್ಕೆ ಇಳಿಸಿ ನೋಡಿತು. ಮರುವರ್ಷವೇ ಕೆಳ ಸ್ಲ್ಯಾಬನ್ನು ಶೇ. 27ಕ್ಕೆ ತಂದಿತು. ಹಾಗಾಗಿ ಹಳೆಯ ಕ್ಯಾಟಲಾಗಿನ ದರ ನಂಬಬೇಡಿ. ಪ್ರತಿ ಹರಾಜಿಗೂ ಆ ಹರಾಜಿನದೇ ಷರತ್ತುಗಳ ಪುಟ ತೆರೆಯಬೇಕು.

ಇನ್ನೊಂದು ಗೊಂದಲ ಅಂದಾಜು ಬೆಲೆಯದು. ಕ್ಯಾಟಲಾಗಿನ ಅಂದಾಜಿನಲ್ಲಿ ಪ್ರೀಮಿಯಂ ಇರುವುದಿಲ್ಲ, ಹರಾಜಾದ ಮೇಲೆ ಪ್ರಕಟಿಸುವ ಬೆಲೆಯಲ್ಲಿ ಇರುತ್ತದೆ. ಅಂದಾಜು 800ರಿಂದ 1,000 ಎಂದಿದ್ದ ಕೋವಿ 1,150ಕ್ಕೆ ಹೋಯಿತೆಂದು ಕಂಡರೆ ಅದು ಅಂದಾಜು ಮೀರಿಲ್ಲ, ಶೇ. 25 ಪ್ರೀಮಿಯಂ ತೆಗೆಯಲು 1.25ರಿಂದ ಭಾಗಿಸಿದರೆ ಸವಾಲು 920ಕ್ಕೆ ನಿಂತಿದೆ. ಹಳೆಯ ಫಲಿತಾಂಶ ನೋಡಿ ಇವತ್ತಿನ ಸವಾಲು ನಿರ್ಧರಿಸುವವರು ಈ ಭಾಗಾಕಾರ ಮಾಡದಿದ್ದರೆ ಪ್ರೀಮಿಯಂ ಮೇಲೆ ಪ್ರೀಮಿಯಂ ಕಟ್ಟುತ್ತಾರೆ.

ಬೆಂಗಳೂರಿನಲ್ಲಿ ಕೂತು ಆನ್‌ಲೈನಿನಲ್ಲಿ ಕೂಗುವವರು ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಮಾಡಬೇಕು. ಜೇಬಿನಿಂದ ಹೋಗುವ ಒಟ್ಟು ಹಣ ಮೊದಲು, ಸವಾಲು ಕೊನೆಗೆ. ಪ್ರೀಮಿಯಂ ಶೇ. 25 ಎಂದಿಟ್ಟುಕೊಳ್ಳಿ. ಬ್ರಿಟನ್ನಿನಲ್ಲಿ ಪ್ರೀಮಿಯಂ ಮೇಲೆ ಶೇ. 20 ವ್ಯಾಟ್ ಬೀಳುವುದರಿಂದ ಅದು ಶೇ. 30 ಆಗುತ್ತದೆ. ಬೇರೆ ಕಂಪನಿಯ ಬಿಡ್ಡಿಂಗ್ ವೇದಿಕೆಯ ಮೂಲಕ ಕೂಗಿದರೆ ಅದರ ಶುಲ್ಕ ಬೇರೆ, ಶೇ. 4.95 ಎಂದಾದರೆ ವ್ಯಾಟ್ ಸೇರಿ ಶೇ. 5.94. ಅಂದರೆ ಹ್ಯಾಮರ್ ಬೆಲೆಯನ್ನು 1.3594ರಿಂದ ಗುಣಿಸಬೇಕು. ಕೈಯಲ್ಲಿ 2,000 ಪೌಂಡ್ ಇದ್ದು, ಪ್ಯಾಕಿಂಗ್ ಮತ್ತು ಸಾಗಣೆಗೆ 250 ತೆಗೆದಿಟ್ಟರೆ ಉಳಿದದ್ದು 1,750. ಇದನ್ನು 1.3594ರಿಂದ ಭಾಗಿಸಿದರೆ 1,287. ಸಾವಿರದ ಮೇಲೆ ಸವಾಲು ಸಾಮಾನ್ಯವಾಗಿ ನೂರು ನೂರು ಏರುವುದರಿಂದ ನೀವು ನಿಲ್ಲಬೇಕಾದದ್ದು 1,200ಕ್ಕೆ. "ಇನ್ನೊಂದು ನೂರು ತಾನೇ" ಎಂದು 1,300 ಒತ್ತಿದರೆ ಬಿಲ್ಲಿಗೆ ಸೇರುವುದು ನೂರಲ್ಲ, 136.

ಇದರಲ್ಲಿ ಸುಲಭವಾಗಿ ಉಳಿಸಬಹುದಾದದ್ದು ವೇದಿಕೆಯ ಶುಲ್ಕ. ಅದೇ ಹರಾಜನ್ನು ಸಂಸ್ಥೆಯ ಸ್ವಂತ ವೆಬ್‌ಸೈಟಿನಲ್ಲೂ ಕೂಗುವ ಸೌಲಭ್ಯ ಎಷ್ಟೋ ಕಡೆ ಪುಕ್ಕಟೆ ಇರುತ್ತದೆ. ಇಲ್ಲವಾದರೆ ಗರಿಷ್ಠ ಮೊತ್ತ ಬರೆದು ಮುಂಗಡ ಸವಾಲು ಕಳಿಸಬಹುದು. ಬರೆಯುವುದು ಹ್ಯಾಮರ್ ಬೆಲೆಯನ್ನೇ ಹೊರತು ಒಟ್ಟು ಬಿಲ್ಲನ್ನಲ್ಲ. 1,750 ಎಂದು ಬರೆದುಕೊಟ್ಟವರಿಗೆ, ಆ ಬೆಲೆಗೇ ಬಿದ್ದರೆ, ಶೇ. 30 ಸೇರಿ 2,275ರ ಬಿಲ್ಲು ಬರುತ್ತದೆ.

ಲಾಟ್ ನಂಬರಿನ ಪಕ್ಕದ ಗುರುತುಗಳನ್ನೂ ನೋಡಿ. ಆಯುಧದ ಕ್ಯಾಟಲಾಗಿನಲ್ಲಿ ಕಠಾರಿಯಂಥ ಚಿಹ್ನೆ ಕಂಡರೆ ಅಲಂಕಾರ ಎಂದುಕೊಳ್ಳಬೇಡಿ: ಬ್ರಿಟನ್ನಿನಲ್ಲಿ ಅದರರ್ಥ ಸಾಮಾನ್ಯವಾಗಿ ಹ್ಯಾಮರ್ ಬೆಲೆಯ ಮೇಲೂ ಶೇ. 20 ವ್ಯಾಟ್. ನಕ್ಷತ್ರದ ಗುರುತಿದ್ದರೆ ಹೊರದೇಶದಿಂದ ಹರಾಜಿಗೆಂದು ತಂದ ವಸ್ತು, ಹ್ಯಾಮರ್ ಮೇಲೆ ಶೇ. 5 ಆಮದು ವ್ಯಾಟ್. ಗುರುತುಗಳ ಅರ್ಥ ಸಂಸ್ಥೆಯಿಂದ ಸಂಸ್ಥೆಗೆ ಅಷ್ಟಿಷ್ಟು ಬದಲಾಗುವುದರಿಂದ ಪಟ್ಟಿಯನ್ನು ಹೋಲಿಸಿಕೊಳ್ಳಿ. ದಂತದ ಕೆಲಸವಿರುವ ಕೋವಿಯ ತಂಟೆಗೆ ಇಲ್ಲಿಯವರು ಹೋಗದಿರುವುದೇ ವಾಸಿ. ಬ್ರಿಟನ್ನಿನ ದಂತ ಕಾಯ್ದೆ 2022ರ ಜೂನ್‌ನಿಂದ ಜಾರಿಯಲ್ಲಿದೆ, ನಮ್ಮ ವನ್ಯಜೀವಿ ಕಾಯ್ದೆ ಅದಕ್ಕಿಂತ ಬಿಗಿ.

ಕಾರ್ಡಿನಲ್ಲಿ ಕಟ್ಟಿದರೆ ಬ್ಯಾಂಕು ವಿದೇಶಿ ವಿನಿಮಯಕ್ಕೆಂದು ಶೇ. 3.5ರವರೆಗೂ ಮುರಿದುಕೊಳ್ಳುತ್ತದೆ, ಅದರ ಮೇಲೆ ಶೇ. 18 ಜಿಎಸ್‌ಟಿ. ಕೊಂಡ ವಸ್ತುವನ್ನು ಗಡುವಿನೊಳಗೆ ಎತ್ತಿಕೊಳ್ಳದಿದ್ದರೆ ದಿನದ ಲೆಕ್ಕದಲ್ಲಿ ಗೋದಾಮು ಬಾಡಿಗೆ ಏರುತ್ತದೆ. ಕಾಗದಪತ್ರಕ್ಕೆ ತಿಂಗಳುಗಟ್ಟಲೆ ಹಿಡಿಯುವ ನಮ್ಮಂಥವರಿಗೆ ಕಚ್ಚುವುದು ಇದೇ.

ಕಟ್ಟಿದ ಪ್ರೀಮಿಯಂ ವಾಪಸು ಬರುವುದು ಅಪರೂಪ. ವಸ್ತು ಇದ್ದ ಸ್ಥಿತಿಯಲ್ಲೇ ಮಾರಾಟ. ಆದ್ದರಿಂದ ಪುಕ್ಕಟೆ ಸಿಗುವ ಕಂಡೀಶನ್ ರಿಪೋರ್ಟನ್ನು ಹರಾಜಿಗೆ ಕೆಲವು ದಿನ ಮೊದಲೇ ಕೇಳಿ ತರಿಸಿಕೊಳ್ಳಿ. ಕೇಳುವಾಗ ಪ್ರಶ್ನೆ ನಿರ್ದಿಷ್ಟವಾಗಿರಲಿ. ಕುದುರೆ (ಹಾರಿಸುವ ಮೊದಲು ಹಿಂದಕ್ಕೆ ಎಳೆಯುವ ಭಾಗ) ಅರ್ಧ ಎಳೆದಲ್ಲಿ ನಿಲ್ಲುತ್ತದೆಯೇ? ನಳಿಗೆ ಕತ್ತರಿಸಿ ಗಿಡ್ಡ ಮಾಡಿದ್ದಾರೆಯೇ? ಗಜ (ನಳಿಗೆಯೊಳಗೆ ಮದ್ದು ಗಿಡಿಯುವ ಸಲಾಕೆ) ಮೂಲದ್ದೇ? ಚಕಮಕಿ ಕೋವಿಯಾದರೆ ಮುಖ್ಯವಾದದ್ದು ಇನ್ನೊಂದಿದೆ. 19ನೇ ಶತಮಾನದಲ್ಲಿ ಎಷ್ಟೋ ಚಕಮಕಿ ಕೋವಿಗಳನ್ನು ಕೇಪಿನ ಕೋವಿಗಳಾಗಿ (ಕಲ್ಲಿನ ಬದಲು ಸಿಡಿಮದ್ದಿನ ಪುಟ್ಟ ಟೋಪಿಯಿಂದ ಹೊತ್ತುವ ಕೋವಿ) ಮಾರ್ಪಡಿಸಿದರು. ಈಚಿನ ವ್ಯಾಪಾರಿಗಳು ಬೆಲೆ ಬರಲೆಂದು ಅವನ್ನು ಮತ್ತೆ ಚಕಮಕಿಗೆ ತಿರುಗಿಸಿದ್ದಾರೆ. ಮದ್ದಿನ ಬಟ್ಟಲಿನ ಸುತ್ತ ಮುಚ್ಚಿದ ಸ್ಕ್ರೂ ತೂತುಗಳು, ಕಿವಿಯ (ಕಿಡಿ ನಳಿಗೆಯೊಳಗೆ ಹೋಗುವ ತೂತಿನ) ಹತ್ತಿರ ಬೆಸುಗೆಯ ಗುರುತು, ಉಳಿದ ಉಕ್ಕಿಗೆ ಹೊಂದದ ಬಣ್ಣದ ಕುದುರೆ ಇದರ ಸುಳಿವು. ಹತ್ತಿರದ ಫೋಟೊ ಕೇಳಿ. ನಳಿಗೆಯೊಳಗೆ ಹಳೆಯ ಮದ್ದು ಉಳಿದಿಲ್ಲವೆಂದು ಗಜ ಇಳಿಸಿ ನೋಡಿದ್ದಾರೆಯೇ ಎಂಬುದನ್ನೂ ಕೇಳಿ: ಒಳಗಿನ ಆಳ ನಳಿಗೆಯ ಹೊರ ಉದ್ದಕ್ಕಿಂತ ಒಂದೆರಡು ಇಂಚು ಕಡಿಮೆ ಬಂದರೆ ಅನುಮಾನಪಡಬೇಕು.

ಊರಿಗೆ ತರುವ ಮಾತು ಬಂದರೆ ಪ್ರೀಮಿಯಂ ಚಿಕ್ಕ ಸಮಸ್ಯೆ. "ಆಂಟಿಕ್, ಲೈಸೆನ್ಸ್ ಬೇಡ" ಎಂದು ಕ್ಯಾಟಲಾಗು ಹೇಳುವುದು ಅಲ್ಲಿನ ಕಾನೂನಿನ ಪ್ರಕಾರ. ಅಮೆರಿಕದಲ್ಲಿ 1898 ಅಥವಾ ಅದಕ್ಕೂ ಮೊದಲು ತಯಾರಾದದ್ದು ಆಂಟಿಕ್. ಬ್ರಿಟನ್ನಿನಲ್ಲಿ ಕುತೂಹಲಕ್ಕೋ ಅಲಂಕಾರಕ್ಕೋ ಇಟ್ಟುಕೊಂಡ ಪುರಾತನ ಬಂದೂಕಿಗೆ 1968ರ ಕಾಯ್ದೆಯ 58ನೇ ಕಲಮಿನಲ್ಲಿ ವಿನಾಯಿತಿ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 45(ಸಿ) ಕಲಮು ಬೇರೆಯೇ ಅಳತೆ ಹಿಡಿಯುತ್ತದೆ: ರಿಪೇರಿ ಮಾಡಿದರೂ ಬಂದೂಕಾಗಿ ಬಳಸಲು ಆಗದಂಥ ಹಳೆಯ ಆಯುಧವಾದರೆ ಮಾತ್ರ ಕಾಯ್ದೆಯಿಂದ ಹೊರಗೆ. ಕೇಪು ಕೂರುವ ನಿಪ್ಪಲ್ ಬದಲಿಸಿದರೆ ಸಿಡಿಯುವ ಕೇಪಿನ ಕೋವಿಗೆ ಇನ್ನೂರು ವರ್ಷ ಆಗಿದ್ದರೂ ಅದು ಬಂದೂಕೇ. ಆಮದಿಗೆ 10ನೇ ಕಲಮಿನ ಪರವಾನಗಿ ಬೇಕು. 2019ರ ತಿದ್ದುಪಡಿಯಾದ ಮೇಲೆ ಒಬ್ಬರಿಗೆ ಎರಡೇ ಬಂದೂಕು. ಬೆಂಗಳೂರು ನಗರದಲ್ಲಾದರೆ ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆದು, ಆಮೇಲೆ ಸವಾಲಿಗೆ ಹೆಸರು ನೋಂದಾಯಿಸಿ. ಕೊಂಡ ಮೇಲೆ ವಿಚಾರಿಸುವವರ ಕೋವಿ ಅಲ್ಲಿ ಬಾಡಿಗೆ ತಿನ್ನುತ್ತ ಕೂರುತ್ತದೆ, ಇಲ್ಲವೇ ಕಸ್ಟಮ್ಸ್ ಪಾಲಾಗುತ್ತದೆ. ಅಲ್ಲೇ ನೆಲೆಸಿದ ಸಂಬಂಧಿಕರ ಮನೆಯಲ್ಲಿ ಇಟ್ಟುಕೊಳ್ಳುವುದಾದರೆ ಆ ದೇಶದ ನಿಯಮ ಪಾಲಿಸಿದರೆ ಸಾಕು. ಆದರೆ ರಫ್ತಾಗದ ವಸ್ತುವಿಗೆ ಪ್ರೀಮಿಯಂ ಮೇಲಿನ ವ್ಯಾಟ್ ವಾಪಸು ಸಿಗದು.

ತದ್ವಿರುದ್ಧ ಪ್ರಶ್ನೆಯೂ ಬರುತ್ತದೆ, ಅದೂ ಕೊಡಗಿನ ಮನೆಗಳಿಂದ ಹೆಚ್ಚು: ಅಜ್ಜನ ಕಾಲದ ಕೋವಿಯನ್ನು ಲಂಡನ್ನಿನ ಹರಾಜಿಗೆ ಕಳಿಸಬಹುದೇ? ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ 2029ರ ಅಕ್ಟೋಬರ್‌ವರೆಗೆ ಇರುವ ಲೈಸೆನ್ಸ್ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ರಫ್ತಿಗೆ ಅಲ್ಲ. ನೂರು ವರ್ಷ ದಾಟಿದ ಕೋವಿ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುವುದರಿಂದ ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಕಳಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ. ಮಾರುವುದಾದರೆ ದೇಶದೊಳಗೇ, ಕೊಳ್ಳುವವರ ಲೈಸೆನ್ಸ್ ನೋಡಿಕೊಂಡು.